ಒಟ್ಲುಪಾತಿಯಲ್ಲಿ ಮೂರು ಸರ್ವರ್‌ಗಳು

ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ, ಹೊಲಗಳಿನ್ನೂ ಬಿಸಿಲಿಗೆ ಬೆನ್ನೊಡ್ಡಿ ಮಲಗಿರುವ ದಿನಗಳಲ್ಲಿ, ಮುಂಗಾರಿನ ನಾಟಿಗೆ ಬಹುಕಾಲ ಮುಂಚೆಯೇ, ಕೊಳವೆಬಾವಿಯ ನೀರು ಎಟಕುವ ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಸಸಿಮಡಿ ಸಿದ್ಧವಾಗಿರುತ್ತದೆ. ಒಂದು ಗ್ರಾಂ ತೂಕಕ್ಕೆ 10,000ಕ್ಕೂ ಹೆಚ್ಚು ಕಾಳು ಹಿಡಿಯುವಷ್ಟು ಸೂಕ್ಷ್ಮವಾದ ಆ ಬೀಜವನ್ನು ನೇರವಾಗಿ ಹೊಲಕ್ಕೆ ಚೆಲ್ಲುವ ಸಾಹಸಕ್ಕೆ ಅಲ್ಲಿಯ ಬೇಸಾಯಗಾರರಲ್ಲಿ ಯಾರೂ ಕೈಹಾಕರು. ಕೃಷ್ಣರಾಜನಗರದ ನಾಲೆಯ ಬಯಲಿನ ಭತ್ತಕ್ಕೂ, ಹೆಗ್ಗಡದೇವನಕೋಟೆಯ ನಾಟಿರಾಗಿಗೂ ಇದೇ ಕ್ರಮ: ಮೊದಲು ಒಟ್ಲು, ಆಮೇಲೆ ನಾಟಿ. ಹೊಸ ತಳಿಯಾದರೆ ಎಚ್ಚರ ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ; ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಂಥ ಕಡೆ ಅದು ಮೊದಲು ಕೇಂದ್ರದ ಸ್ವಂತ ತಾಕುಗಳಲ್ಲಿ ರೋಗವನ್ನೂ ಬರವನ್ನೂ ಎದುರಿಸಿ ನಿಂತು ತೋರಿಸಿದ ಮೇಲಷ್ಟೇ ರೈತನ ನೆಲಕ್ಕೆ ಇಳಿಯುತ್ತದೆ.

ನಾನು ಇಂದು ಬರೆಯಹೊರಟಿರುವುದು ಬೇಸಾಯದ ವಿಷಯವಲ್ಲ; ಗಣಕಯಂತ್ರಗಳ ವಿಷಯ. ಆದರೆ ಈ ನಾಲ್ಕು ತಾಲ್ಲೂಕುಗಳ ರೈತನ ಬೆಳೆ ನೆಲದಲ್ಲಿದ್ದರೂ, ಆ ನೆಲ ಅವನದೆಂದು ಹೇಳುವ ಆಧಾರ ಈಗ ಗಣಕದಲ್ಲಿದೆ. ಆದಕಾರಣ ಒಟ್ಲಿನ ನ್ಯಾಯವನ್ನು ಅಲ್ಲಿಗೂ ಅನ್ವಯಿಸಬೇಕೆಂದು ಕೇಳುವ ಅಧಿಕಾರ ಅವನಿಗೆ ಉಂಟೆಂಬುದು ನನ್ನ ದೃಢವಾದ ನಂಬಿಕೆ.

ಶಾನುಭೋಗರ ಕೈಬರಹದ ಕಾಲ ಮುಗಿದು, ಗ್ರಾಮಲೆಕ್ಕಿಗರ ಪಹಣಿ ಪುಸ್ತಕದ ಕಾಲವೂ ಮುಗಿದು, 2001ರ ಸುಮಾರಿಗೆ ನಮ್ಮ ರಾಜ್ಯದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಎಲ್ಲ ತಾಲ್ಲೂಕುಗಳಿಗೂ ಹರಡಿತು. ಸುಮಾರು 9,000 ಮಂದಿ ಗ್ರಾಮಲೆಕ್ಕಿಗರ ವಶದಲ್ಲಿ ಚದುರಿಹೋಗಿದ್ದ ಸುಮಾರು 2 ಕೋಟಿ ಪಹಣಿಗಳು ಬೆರಳಚ್ಚಾಗಿ ಗಣಕಕ್ಕೆ ಸೇರಿದವು. 15 ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇರುತ್ತಿತ್ತು. ಮುಂದೆ ಅವೆಲ್ಲವೂ ಬೆಂಗಳೂರಿನ ಕೇಂದ್ರೀಯ ವ್ಯವಸ್ಥೆಯನ್ನು ಸೇರಿದವು. ಇದು ದೊಡ್ಡ ಸಾಧನೆಯೆಂದು ಹೇಳುವುದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಪುಸ್ತಕ ಕಳೆದುಹೋದರೆ ಒಂದು ವೃತ್ತದ ಜನಕ್ಕೆ ತೊಂದರೆ. ಸರ್ವರು ನಿಂತರೆ ಎಲ್ಲರಿಗೂ ತೊಂದರೆ. ‘ಸರ್ವರ್ ಇಲ್ಲ’ ಎಂಬ ಎರಡು ಮಾತು ಇಂದು ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದೆ. ಅಂತರಸಂತೆಯ ಕಡೆಯಿಂದ ಹೆಗ್ಗಡದೇವನಕೋಟೆಗೆ, ಬೆಟ್ಟದಪುರದ ಕಡೆಯಿಂದ ಪಿರಿಯಾಪಟ್ಟಣಕ್ಕೆ ಬಸ್ಸು ಹತ್ತಿ ಬಂದವರಿಗೆ ಆ ಮಾತಿನ ಅರ್ಥ ಒಂದು ದಿನದ ಕೂಲಿ.

ಒಂದೇ ಯಂತ್ರವನ್ನು ನೆಚ್ಚಿದರೆ ಅದು ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಮಹತ್ತ್ವದ ದತ್ತಸಂಚಯಗಳನ್ನು, ಅಂದರೆ ಡೇಟಾಬೇಸುಗಳನ್ನು, ಎರಡು ಮೂರು ಸರ್ವರುಗಳ ಸಮೂಹದಲ್ಲಿ ಇಡುವುದು ವಾಡಿಕೆ. ಇಂಥ ಸಮೂಹಕ್ಕೆ ಕ್ಲಸ್ಟರ್ ಎಂದು ಹೆಸರು. ಅದರೊಳಗೆ ಒಂದು ಯಂತ್ರ ಮುಖ್ಯಸ್ಥನಾಗಿದ್ದು ಬರೆಯುವ ಕೆಲಸವನ್ನೆಲ್ಲ ತಾನೇ ಸ್ವೀಕರಿಸುತ್ತದೆ. ಉಳಿದವು ಅದು ಬರೆದದ್ದನ್ನು ಕ್ಷಣಕ್ಷಣಕ್ಕೂ ನಕಲು ಮಾಡಿಕೊಳ್ಳುತ್ತ, ಮುಖ್ಯಸ್ಥ ಬಿದ್ದರೆ ಆ ಸ್ಥಾನಕ್ಕೆ ಏರಲು ಸಿದ್ಧವಾಗಿರುತ್ತವೆ. ಒಬ್ಬರಿಗೊಬ್ಬರು ಬದುಕಿದ್ದೇವೆಂದು ತಿಳಿಸಲು ಯಂತ್ರಗಳು ಕೆಲವು ಕ್ಷಣಗಳಿಗೊಮ್ಮೆ ಪುಟ್ಟ ಸಂದೇಶಗಳನ್ನು ಕಳಿಸುತ್ತಿರುತ್ತವೆ. ಎಂಜಿನಿಯರುಗಳು ಅದನ್ನು ಹೃದಯದ ಬಡಿತವೆಂದೇ ಕರೆಯುತ್ತಾರೆ.

ಇಲ್ಲಿಯೇ ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಬಡಿತ ಕೇಳದಿದ್ದರೆ ಆ ಕಡೆಯ ಯಂತ್ರ ಸತ್ತಿದೆಯೆಂದು ತಿಳಿಯಬೇಕೋ, ನಡುವಣ ತಂತಿ ಕಡಿದಿದೆಯೆಂದು ತಿಳಿಯಬೇಕೋ? ಕೇಳುವ ಯಂತ್ರಕ್ಕೆ ಎರಡೂ ಒಂದೇ ಮೌನ. ತಂತಿ ಮಾತ್ರ ಕಡಿದಿರುವಾಗ, ಎದುರಾಳಿ ಸತ್ತನೆಂದು ಭಾವಿಸಿ ಎರಡನೆಯ ಯಂತ್ರವೂ ಮುಖ್ಯಸ್ಥನ ಪೀಠವೇರಿದರೆ, ಒಂದು ರಾಜ್ಯಕ್ಕೆ ಇಬ್ಬರು ಅರಸರಾಗುತ್ತಾರೆ; ಒಂದು ಸರ್ವರಿನಲ್ಲಿ ಅಣ್ಣನ 1 ಎಕರೆ 20 ಗುಂಟೆ ತಮ್ಮನ ಖಾತೆಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಅದೇ ಜಮೀನು ಬ್ಯಾಂಕಿನ ಸಾಲಕ್ಕೆ ಆಧಾರವಾಗಿರುತ್ತದೆ; ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ನಿಜ. ಇದನ್ನು ತಪ್ಪಿಸುವ ಉಪಾಯ ನಮ್ಮ ಪಂಚಾಯಿತಿಗಳಿಗೆ ಹೊಸದಲ್ಲ: ಕೋರಂ. ಮೂರು ಯಂತ್ರಗಳಿದ್ದರೆ ಎರಡು ಒಪ್ಪಿದ ಹೊರತು, ಐದಿದ್ದರೆ ಮೂರು ಒಪ್ಪಿದ ಹೊರತು, ಯಾರೂ ಮುಖ್ಯಸ್ಥರಾಗುವಂತಿಲ್ಲ. ಒಂಟಿಯಾಗಿ ಸಿಕ್ಕಿಕೊಂಡ ಯಂತ್ರ ಎಷ್ಟೇ ಆರೋಗ್ಯವಾಗಿದ್ದರೂ ತಾನಾಗಿಯೇ ಲೇಖನಿ ಕೆಳಗಿಡತಕ್ಕದ್ದು. ಸಮೂಹದಲ್ಲಿ ಬೆಸಸಂಖ್ಯೆಯ ಯಂತ್ರಗಳನ್ನೇ ಇಡುವುದು ಇದರಿಂದಲೇ. ನಾಲ್ಕರಲ್ಲಿ ಎರಡು ಆಚೆ, ಎರಡು ಈಚೆ ಆದರೆ ಸಭೆ ನಡೆಯುವುದೇ ಇಲ್ಲ.

ನಿಯಮ ಹೇಳುವುದು ಸುಲಭ. ಅದು ನಿಜವಾದ ಗಳಿಗೆಯಲ್ಲಿ ಹೇಗೆ ನಡೆಯುವುದೆಂಬುದನ್ನು ಕಡಿದು ನೋಡದೆ ತಿಳಿಯಲಾಗದು. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಬರಹವನ್ನು ಒಪ್ಪಿಸಿರುವ ಗಿಟ್‌ಹಬ್ ಎಂಬ ಸಂಸ್ಥೆಯಲ್ಲಿ 2018ರ ಅಕ್ಟೋಬರ್ 21ರಂದು, ಉಪಕರಣವೊಂದನ್ನು ಬದಲಾಯಿಸುವಾಗ, ಅಮೆರಿಕದ ಪೂರ್ವ ಕರಾವಳಿಯ ಜಾಲಕೇಂದ್ರಕ್ಕೂ ಅಲ್ಲಿಯ ಮುಖ್ಯ ದತ್ತಾಂಶ ಕೇಂದ್ರಕ್ಕೂ ನಡುವಣ ಸಂಪರ್ಕ 43 ಸೆಕೆಂಡುಗಳ ಕಾಲ ತಪ್ಪಿತು. ಅಷ್ಟರಲ್ಲಿ ಪಶ್ಚಿಮದ ಯಂತ್ರಗಳು ಪೀಠವೇರಿದ್ದವು; ಪೂರ್ವದಲ್ಲಿ ಬರೆದಿದ್ದ ಕೊನೆಯ ಕೆಲವು ಕ್ಷಣಗಳ ಬರಹ ಪಶ್ಚಿಮಕ್ಕೆ ತಲಪಿರಲಿಲ್ಲ. ಆ 43 ಸೆಕೆಂಡುಗಳ ಗಾಯವನ್ನು ಹೊಲಿದು ಮುಗಿಸಲು ಅವರಿಗೆ 24 ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ಅದಕ್ಕೂ ಹಿಂದಿನ ವರ್ಷದ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಇನ್ನೊಂದು ಸಂಸ್ಥೆಯಲ್ಲಿ ದಣಿದ ಎಂಜಿನಿಯರೊಬ್ಬರು ತಪ್ಪಾದ ಸರ್ವರಿನ ಮೇಲೆ ಅಳಿಸುವ ಆಜ್ಞೆಯನ್ನು ಕೊಟ್ಟು, ಮೀಸಲು ಪ್ರತಿಗಳ ಕಡೆಗೆ ತಿರುಗಿದಾಗ, ನೆಚ್ಚಿಕೊಂಡಿದ್ದ ಏರ್ಪಾಡುಗಳು ಒಂದಾದಮೇಲೊಂದು ಕೈಕೊಟ್ಟವು; ಸುಮಾರು 6 ಗಂಟೆಗಳ ದಾಖಲೆ ಶಾಶ್ವತವಾಗಿ ಹೋಯಿತು. ಎರಡೂ ಸಂಸ್ಥೆಗಳು ನಡೆದುದನ್ನು ಮುಚ್ಚಿಡದೆ ಸವಿವರವಾಗಿ ಪ್ರಕಟಿಸಿದವು. ಅದಕ್ಕಾಗಿ ಅವು ಗೌರವಾರ್ಹ.

ಜೀವಂತ ಕಚೇರಿಯ ತಂತಿಯನ್ನು ಪರೀಕ್ಷೆಗಾಗಿ ಕಡಿಯುವಂತಿಲ್ಲ. ಪರೀಕ್ಷೆಗೆಂದೇ ಮೂರು ದೊಡ್ಡ ಸರ್ವರುಗಳನ್ನು ಕೊಳ್ಳುವ ಶಕ್ತಿಯೂ ಎಲ್ಲರಿಗಿಲ್ಲ. ಹಾಗಾದರೆ ಒಟ್ಲನ್ನು ಎಲ್ಲಿ ಹಾಕಬೇಕು? ಒಂದೇ ಗಣಕದ ಒಳಗೆ. ಒಂದು ನಿಜವಾದ ಯಂತ್ರದೊಳಗೆ ಹಲವು ಕಲ್ಪಿತ ಯಂತ್ರಗಳನ್ನು ನಡೆಸುವ ವಿದ್ಯೆ ಐ.ಬಿ.ಎಂ. ಸಂಸ್ಥೆಯಲ್ಲಿ 1960ರ ದಶಕದಲ್ಲಿ ಹುಟ್ಟಿ, 1972ರಲ್ಲಿ ಅವರ ವಿ.ಎಂ./370 ವ್ಯವಸ್ಥೆಯಾಗಿ ಮಾರುಕಟ್ಟೆಗೆ ಬಂದು, 1999ರಲ್ಲಿ ವಿ.ಎಂ.ವೇರ್ ಮೂಲಕ ಮೇಜಿನ ಮೇಲಿನ ಸಾಮಾನ್ಯ ಗಣಕಕ್ಕೂ ಇಳಿಯಿತು. ಇಂದು ವರ್ಚುವಲ್‌ಬಾಕ್ಸಿನಂಥ ಸಾಧನಗಳು ಕಾಸಿಲ್ಲದೆ ದೊರೆಯುತ್ತವೆ. ಇಂಥ ಕಲ್ಪಿತ ಯಂತ್ರಕ್ಕೆ ತಾನು ಕಲ್ಪಿತವೆಂಬ ಅರಿವಿಲ್ಲ. ತನಗೆ ಸ್ಮೃತಿಯಿದೆ, ಡಿಸ್ಕಿದೆ, ಜಾಲದ ತಂತಿಯಿದೆ ಎಂದೇ ಅದು ತಿಳಿದು ನಡೆಯುತ್ತದೆ. ನಮ್ಮ ವೇದಾಂತಿಗಳು ಸತ್ತೆಯನ್ನು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರಾಗಿ ವಿಭಾಗಿಸಿ, ಕನಸಿನ ಬಾಯಾರಿಕೆಗೆ ಕನಸಿನ ನೀರು ಸಾಕೆಂದು ಹೇಳುತ್ತಿದ್ದುದು ನನಗೆ ಈ ಸಂದರ್ಭದಲ್ಲಿ ಪದೇಪದೇ ನೆನಪಾಗುತ್ತದೆ: ಪ್ರಾತಿಭಾಸಿಕ ಯಂತ್ರದ ಮೇಲೆ ನಡೆಸಿದ ಪರೀಕ್ಷೆಯಿಂದ ದೊರೆತ ಜ್ಞಾನ ಮಾತ್ರ ವ್ಯಾವಹಾರಿಕ.

ನನ್ನ ಮನೆಯ ಗಣಕದಲ್ಲಿ 16 ಜಿ.ಬಿ. ಸ್ಮೃತಿಯಿದೆ. ಅದರಲ್ಲಿ ಯಂತ್ರವೊಂದಕ್ಕೆ 3 ಜಿ.ಬಿ.ಯಂತೆ ಕೊಟ್ಟು, ಲಿನಕ್ಸ್ ಹಾಕಿ, ಮೂರು ಕಲ್ಪಿತ ಸರ್ವರುಗಳನ್ನು ಮಾಡಿಕೊಂಡೆ. ಈ ಸೀಮೆಯ ನದಿಗಳ ಹೆಸರನ್ನೇ ಇಟ್ಟೆ: ಪಿರಿಯಾಪಟ್ಟಣ, ಕೃಷ್ಣರಾಜನಗರಗಳನ್ನು ಹಾಯುವ ಕಾವೇರಿ, ಹೆಗ್ಗಡದೇವನಕೋಟೆಯ ಕಪಿಲೆ, ಹುಣಸೂರಿನ ಲಕ್ಷ್ಮಣತೀರ್ಥ. ಮೂರಕ್ಕೂ ತಮ್ಮತಮ್ಮೊಳಗೆ ಮಾತಾಡಲು ಒಂದು ಒಳಜಾಲ, ಹೊರಗಿನ ಬಳಕೆದಾರನಿಗೆ ಉತ್ತರ ಕೊಡಲು ಇನ್ನೊಂದು ಹೊರಜಾಲ. ದತ್ತಸಂಚಯಕ್ಕೆ ಪೋಸ್ಟ್‌ಗ್ರೆಸ್, ಯಾರು ಮುಖ್ಯಸ್ಥರೆಂದು ನಿರ್ಧರಿಸಿ ಪೀಠ ಬದಲಾಯಿಸಲು ಪ್ಯಾಟ್ರೋನಿ, ಕೋರಂ ಲೆಕ್ಕ ಹಿಡಿಯಲು ಎಟ್‌ಸಿಡಿ. ಇವೆಲ್ಲವೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳು.

ಒಂದು ಯಂತ್ರವನ್ನು ಕಟ್ಟಿ ಅದನ್ನೇ ಎರಡು ಸಲ ನಕಲು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಹೊಸಬರು ಎಡವುವುದೂ ಇಲ್ಲಿಯೇ. ನಕಲಿನೊಂದಿಗೆ ಯಂತ್ರದ ಹೆಸರು, ಜಾಲದ ವಿಳಾಸ, ಆಂತರಿಕ ಗುರುತಿನ ಸಂಖ್ಯೆ ಎಲ್ಲವೂ ಹಾಗೆಯೇ ಬಂದುಬಿಡಬಹುದಾದ್ದರಿಂದ, ಅವುಗಳನ್ನು ಒಂದೊಂದಾಗಿ ಬದಲಾಯಿಸದಿದ್ದರೆ ಒಂದೇ ಹೆಸರಿನ ಮೂವರು ಸದಸ್ಯರು ಸಭೆಗೆ ಬಂದು ಕುಳಿತಂತಾಗುತ್ತದೆ. ನಿದ್ರಿಸಿದ ಕಲ್ಪಿತ ಯಂತ್ರವನ್ನು ಎಬ್ಬಿಸಿದಾಗ ಅದರ ಗಡಿಯಾರ ಹಿಂದೆ ಉಳಿದಿರಬಹುದು; ಮೂರರ ಕಾಲವನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವ ಸೇವೆ ಮೊದಲ ದಿನವೇ ಇರಬೇಕು. ಇನ್ನು ಸ್ನ್ಯಾಪ್‌ಶಾಟ್ ಎಂಬ ಅನುಕೂಲ. ಯಂತ್ರದ ಈ ಗಳಿಗೆಯ ಸ್ಥಿತಿಯನ್ನು ಚಿತ್ರದಂತೆ ಹಿಡಿದಿಟ್ಟು, ಮುಂದೆ ಕೆಟ್ಟರೆ ಇಲ್ಲಿಗೆ ಮರಳುವ ಸೌಲಭ್ಯ ಅದು. ಕಲ್ಪಿತ ಪ್ರಯೋಗಶಾಲೆಯ ವರವೇ ಅದು. ಆದರೆ ಸಮೂಹದಲ್ಲಿ ಒಂದನ್ನು ಮಾತ್ರ ನಿನ್ನೆಗೆ ಹಿಂದಿರುಗಿಸಿ ಉಳಿದೆರಡನ್ನು ಇಂದಿನಲ್ಲಿ ಬಿಟ್ಟರೆ, ನಿನ್ನೆ ತಾನು ಯಾರಿಗೆ ಮತ ಕೊಟ್ಟೆನೆಂಬುದನ್ನು ಮರೆತ ಸದಸ್ಯ ಮತ್ತೆ ಮತ ಹಾಕುತ್ತಾನೆ, ಮತ್ತು ಕೋರಂನ ಇಡೀ ಗಣಿತ ಅಲ್ಲಿಗೆ ಮುರಿಯುತ್ತದೆ. ಮೂರನ್ನೂ ಆರಿಸಿ, ಮೂರರ ಚಿತ್ರವನ್ನೂ ಒಟ್ಟಿಗೆ ತೆಗೆದು, ಮರಳುವುದಾದರೆ ಮೂರನ್ನೂ ಒಟ್ಟಿಗೆ ಮರಳಿಸತಕ್ಕದ್ದು.

ಒಟ್ಲಿಗೆ ಯಾವ ಬೀಜ? ನಿಜವಾದ ರೈತರ ದಾಖಲೆಯನ್ನು ಪರೀಕ್ಷೆಗೆಂದು ನಕಲು ಮಾಡಿಕೊಳ್ಳುವುದು ಸರ್ವಥಾ ತಪ್ಪು. ಜಮೀನಿನ ವಿಸ್ತೀರ್ಣ, ಸಾಲದ ಹೊರೆ, ಆಧಾರ್ ಸಂಖ್ಯೆ ಇವೆಲ್ಲ ಬೇರೊಬ್ಬರ ಬಾಳಿನ ಗುಟ್ಟುಗಳು; ಪರೀಕ್ಷಾಯಂತ್ರಗಳಿಗೆ ಬೀಗವೂ ಸಡಿಲ, ಕಾವಲೂ ಸಡಿಲ. ಕಲ್ಪಿತ ಯಂತ್ರಕ್ಕೆ ಕಲ್ಪಿತ ಹೆಸರುಗಳೇ ಸಾಕು. ಆದರೆ ಆ ಕಲ್ಪನೆಗೆ ನೆಲದ ವಾಸನೆಯಿರಬೇಕು. ಹೆಸರುಗಳೆಲ್ಲ ಒಂದೇ ಅಳತೆಯಲ್ಲಿದ್ದು, ಖಾತೆಗೊಬ್ಬನೇ ಒಡೆಯನಿದ್ದರೆ ಪರೀಕ್ಷೆ ಏನನ್ನೂ ಕಲಿಸದು. ಇಪ್ಪತ್ತು ಜನರ ಜಂಟಿ ಖಾತೆ ಬೇಕು. 45/2ಎ ಎಂಬಂಥ ಹಿಸ್ಸಾ ಸಂಖ್ಯೆಗಳು ಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆದ ಇಬ್ಬರು ಬೇಕು. ಅಳತೆಯಂತೂ ಮುಖ್ಯ: ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 1-20 ಎಂದರೆ ಒಂದೂವರೆ ಎಕರೆ. ಅದನ್ನು ದಶಮಾಂಶವೆಂದು ಓದುವ ತಂತ್ರಾಂಶ ರೈತನ 12 ಗುಂಟೆಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಕನ್ನಡ ಅಕ್ಷರಗಳ ಪ್ರಶ್ನೆಯೂ ಉಂಟು. 2018ರಲ್ಲಿ ಹೊರಬಂದ ಗ್ಲಿಬ್‌ಸಿ 2.28 ಎಂಬ ಲಿನಕ್ಸಿನ ಮೂಲಭೂತ ಭಾಗದಲ್ಲಿ ಪದಗಳನ್ನು ಅನುಕ್ರಮವಾಗಿ ಜೋಡಿಸುವ ನಿಯಮಗಳು ಬದಲಾದವು. ಸಮೂಹದ ಒಂದು ಯಂತ್ರದಲ್ಲಿ ಹಳೆಯ ನಿಯಮ, ಇನ್ನೊಂದರಲ್ಲಿ ಹೊಸದು ಇದ್ದರೆ, ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕುವ ಪೋಸ್ಟ್‌ಗ್ರೆಸ್ ಇರುವ ಹೆಸರನ್ನೇ ಇಲ್ಲವೆಂದು ಹೇಳಬಲ್ಲದು. ಕಿಟಕಿಯ ಮುಂದೆ ನಿಂತವನಿಗೆ ‘ನಿಮ್ಮ ಹೆಸರು ಬರುತ್ತಿಲ್ಲ’ ಎಂದು ಹೇಳುವ ಗುಮಾಸ್ತನ ತಪ್ಪೇನೂ ಅಲ್ಲಿರದು.

ಆಡಳಿತದ ಒಂದು ಸಹಜವಾದ ಬದಲಾವಣೆಯೂ ಎಷ್ಟು ಆಳಕ್ಕೆ ಬೇರು ಬಿಟ್ಟಿರುತ್ತದೆಂಬುದಕ್ಕೆ ಇಲ್ಲಿಯದೇ ನಿದರ್ಶನವಿದೆ. ಹೆಗ್ಗಡದೇವನಕೋಟೆಯಿಂದ ಸರಗೂರೂ, ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಬೇರೆ ತಾಲ್ಲೂಕುಗಳಾದವು. ಜನರಿಗೆ ಅದು ಹತ್ತಿರದ ಕಚೇರಿ, ಸಂತೋಷದ ಸಂಗತಿ. ಆದರೆ ದತ್ತಸಂಚಯದಲ್ಲಿ ಪ್ರತಿ ಪಹಣಿಯೂ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಸರಪಳಿಯ ಕೊನೆಯ ಕೊಂಡಿ. ನಡುವಣ ಒಂದು ಕೊಂಡಿಯನ್ನು ಬದಲಾಯಿಸಿದರೆ ಅದಕ್ಕೆ ಜೋತುಬಿದ್ದ ಸಕಲ ದಾಖಲೆಯೂ, ವಿಚಾರಣೆಯಲ್ಲಿ ಅರ್ಧಕ್ಕೆ ನಿಂತ ಖಾತೆ ಬದಲಾವಣೆಗಳೂ, ನೋಂದಣಿ ಕಚೇರಿಯಿಂದ ಬರಬೇಕಾದ ಕಾಗದಗಳೂ ಹೊಸ ವಿಳಾಸವನ್ನು ಹಿಡಿಯಬೇಕು. ಇಂಥ ಕೆಲಸವನ್ನು ಕಲ್ಪಿತ ಸಮೂಹದಲ್ಲಿ ಹತ್ತು ಸಲ ಮಾಡಿ, ಮಧ್ಯದಲ್ಲಿ ಬೇಕೆಂದೇ ವಿದ್ಯುತ್ತು ತೆಗೆದು, ಅರ್ಧ ಬದಲಾಗಿ ಅರ್ಧ ಉಳಿದ ಹೋಬಳಿ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆಂದು ಕಂಡುಕೊಂಡವನ ಕೈಗೆ ಮಾತ್ರ ನಿಜವಾದ ದಾಖಲೆಯನ್ನು ಕೊಡಬೇಕು.

ಕಲ್ಪಿತ ಪರೀಕ್ಷೆಗೆ ಮಿತಿಗಳಿಲ್ಲವೆಂದಲ್ಲ. ನಮ್ಮ ಜಿಲ್ಲೆಯ ನೆರೆಯಲ್ಲಿಯೇ, ಕೃಷ್ಣರಾಜಸಾಗರದಲ್ಲಿ, ಅಣೆಕಟ್ಟು ತೂಬುಗಳ ಸಣ್ಣ ಮಾದರಿಗಳನ್ನು ಕಟ್ಟಿ ನೀರು ಹಾಯಿಸಿ ನೋಡುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಜಲಶಾಸ್ತ್ರಜ್ಞರು ಮಾದರಿಯ ಅಂಕಿಗಳನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಉದ್ದದಲ್ಲಿ 25ರಲ್ಲೊಂದು ಪಾಲಿನ ಮಾದರಿಯಾದರೆ ನೀರಿನ ವೇಗ 5ರಲ್ಲೊಂದು ಪಾಲು, ಕಾಲವೂ 5ರಲ್ಲೊಂದು ಪಾಲು. ಒಂದು ದಿನದ ಪ್ರವಾಹ ಮಾದರಿಯಲ್ಲಿ ಐದು ಗಂಟೆಯೊಳಗೆ ಹರಿದು ಹೋಗುತ್ತದೆ. ಈ ಪರಿವರ್ತನೆಯ ಸೂತ್ರ ಅವರ ಕೈಯಲ್ಲಿದೆ. ನಮಗೆ ಅಂಥ ಸೂತ್ರವಿಲ್ಲ. ಮೂರು ಕಲ್ಪಿತ ಯಂತ್ರಗಳೂ ಒಂದೇ ಡಿಸ್ಕನ್ನು ಹಂಚಿಕೊಂಡಿರುವಾಗ ಅವುಗಳ ವೇಗವನ್ನು ನೋಡಿ ನಿಜವಾದ ಸರ್ವರಿನ ವೇಗವನ್ನು ಊಹಿಸುವಂತಿಲ್ಲ. ಕಲ್ಪಿತ ಯಂತ್ರದ ಗುಂಡಿ ಒತ್ತಿ ಆರಿಸುವುದೂ ನಿಜವಾದ ವಿದ್ಯುತ್ ಕಡಿತವೂ ಒಂದೇ ಅಲ್ಲ. ಕಲ್ಪಿತ ಡಿಸ್ಕಿಗೆ ಬರೆದದ್ದು ಹೊರಗಣ ಗಣಕದ ಸ್ಮೃತಿಯಲ್ಲಿ ಸುರಕ್ಷಿತವಾಗಿ ಕುಳಿತಿರಬಹುದು, ಆ ಗಣಕದ ತಂತಿಯನ್ನೇ ಕಿತ್ತರೆ ಅದು ಉಳಿಯದಿರಬಹುದು. ಮೂರೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಸ್ಥಳದ ಆಪತ್ತಿನ ಪರೀಕ್ಷೆ ಇಲ್ಲಿ ಆಗುವುದೇ ಇಲ್ಲ. ಕಾವೇರಿಯ ಪ್ರವಾಹಕ್ಕೆ ಅಂಜಿ ಎಡತೊರೆಯ ಜನರಿಗಾಗಿ ಬೇರೆ ನೆಲದಲ್ಲಿ ಕಟ್ಟಿದ ಊರೇ ಇಂದಿನ ಕೃಷ್ಣರಾಜನಗರ. ದಾಖಲೆಗೂ ಅಂಥದೊಂದು ಮೇಡು ದೂರದಲ್ಲಿ ಬೇಕು, ಮತ್ತು ಅದನ್ನು ದೂರದಲ್ಲಿ ಇಟ್ಟೇ ಪರೀಕ್ಷಿಸಬೇಕು.

ಆದರೆ ಕ್ರಮ ಸರಿಯೋ ತಪ್ಪೋ ಎಂಬುದು ಮಾತ್ರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಒಂದು ಭಾನುವಾರ ನನ್ನ ಕಾವೇರಿ ಮುಖ್ಯಸ್ಥೆಯಾಗಿದ್ದಳು. ಅದೇ ಯಂತ್ರದ ಮೇಲೆ ಒಂದು ಪುಟ್ಟ ತಂತ್ರಾಂಶ, ಒಂದಾದಮೇಲೊಂದು ಖಾತೆ ಬದಲಾವಣೆಯನ್ನು ಬರೆಯುತ್ತ, ‘ಆಯಿತು’ ಎಂಬ ಉತ್ತರ ಬಂದದ್ದನ್ನೆಲ್ಲ ಬೇರೊಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತಿತ್ತು. ಕಾವೇರಿಯ ಒಳಜಾಲವನ್ನು ಕಡಿದೆ. ಪ್ಯಾಟ್ರೋನಿಯಲ್ಲಿ ಮುಖ್ಯಸ್ಥನ ಅಧಿಕಾರಕ್ಕೆ ಸಾಮಾನ್ಯವಾಗಿ 30 ಸೆಕೆಂಡುಗಳ ಅವಧಿ. ಅದು ನವೀಕರಣವಾಗದೆ ಮುಗಿಯುವಷ್ಟರಲ್ಲಿ ಕಾವೇರಿ ತಾನಾಗಿಯೇ ಕೆಳಗಿಳಿದಳು, ಕಪಿಲೆ ಲಕ್ಷ್ಮಣತೀರ್ಥದ ಮತ ಪಡೆದು ಪೀಠವೇರಿದಳು. ಇಬ್ಬರು ಅರಸರಾಗಲಿಲ್ಲ. ನಿಯಮ ಗೆದ್ದಿತೆಂದು ಸಂತೋಷಪಟ್ಟು, ತಂತಿ ಜೋಡಿಸಿ, ಕಡತದ ಗುರುತುಗಳನ್ನೂ ಕಪಿಲೆಯಲ್ಲಿರುವ ದಾಖಲೆಗಳನ್ನೂ ಎದುರುಬದುರು ಇಟ್ಟು ಎಣಿಸಿದೆ. ‘ಆಯಿತು’ ಎಂದು ಉತ್ತರ ಪಡೆದ ಕೆಲವು ಖಾತೆಗಳು ಕಪಿಲೆಯಲ್ಲಿ ಇರಲಿಲ್ಲ. ತಂತಿ ಕಡಿದ ಮೇಲೆ, ಕೆಳಗಿಳಿಯುವುದಕ್ಕೆ ಮುಂಚೆ, ಕಾವೇರಿ ಒಬ್ಬಳೇ ಬರೆದುಕೊಂಡಿದ್ದ ಖಾತೆಗಳವು. ಮತ್ತೆ ಸಮೂಹಕ್ಕೆ ಸೇರುವಾಗ ಅವಳು ಕಪಿಲೆಯ ಲೆಕ್ಕವನ್ನು ಒಪ್ಪಿಕೊಂಡು ತನ್ನದನ್ನು ಹಿಂದಕ್ಕೆ ಸುತ್ತಿ ಅಳಿಸಿಬಿಟ್ಟಿದ್ದಳು. ಅವೆಲ್ಲ ನಾನೇ ಹುಟ್ಟಿಸಿದ ಹೆಸರುಗಳು. ಆದರೂ ಆ ಪಟ್ಟಿಯನ್ನು ನೋಡುತ್ತ ಕುಳಿತಾಗ, ಅಚ್ಚಾದ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಸಂಜೆಯ ಬಸ್ಸು ಹತ್ತಿದವನೊಬ್ಬನ ಮುಖ ಕಣ್ಣಮುಂದೆ ಬಂದು ಹೊಟ್ಟೆ ತೊಳಸಿದಂತಾಯಿತು.

ಇದಕ್ಕೆ ಮದ್ದುಂಟು. ಇನ್ನೊಂದು ಯಂತ್ರವೂ ಬರೆದುಕೊಂಡೆನೆಂದು ಹೇಳಿದ ಹೊರತು ‘ಆಯಿತು’ ಎನ್ನಬಾರದೆಂದು ಮುಖ್ಯಸ್ಥನಿಗೆ ಕಟ್ಟು ಹಾಕಬಹುದು. ಪ್ರತಿ ಬರಹವೂ ತುಸು ನಿಧಾನವಾಗುತ್ತದೆ. ಜಾಲ ಕಡಿದಾಗ ಬರೆಯುವವನು ಕಾಯುತ್ತಾನೆ. ಪತ್ರಿಕೆಯ ಓದುಗರ ಅಭಿಪ್ರಾಯ ಸಂಗ್ರಹಿಸುವ ಕೆಲಸಕ್ಕೆ ಈ ವಿಳಂಬ ದುಬಾರಿಯಾಗಬಹುದು, ಪಹಣಿಗೆ ಆಗದು. ಮೂರು ಯಂತ್ರಗಳನ್ನೂ ಬೆಳಗಿನ ಸ್ಥಿತಿಗೆ ಒಟ್ಟಿಗೆ ಮರಳಿಸಿ, ಕಟ್ಟು ಹಾಕಿ, ಮತ್ತೆ ಕಾವೇರಿಯ ತಂತಿಯನ್ನು ಕಡಿದೆ. ಈ ಸಲ ಬರೆಯುವ ತಂತ್ರಾಂಶ ಒಂದು ಖಾತೆಯ ಬಳಿ ಉತ್ತರವಿಲ್ಲದೆ ನಿಂತುಬಿಟ್ಟಿತು, ಕಪಿಲೆ ಪೀಠವೇರಿದಳು, ಎಣಿಸಿದಾಗ ಗುರುತು ಬಿದ್ದ ಖಾತೆಗಳೆಲ್ಲವೂ ಅಲ್ಲಿದ್ದವು. ನಡುನಡುವೆ ತಂತಿಯನ್ನು ಕಡಿಯದೆ ಕೇವಲ ತಡವಾಗಿಸಿದರೆ ಏನಾಗುವುದೆಂಬ ಪರೀಕ್ಷೆ, ಡಿಸ್ಕು ತುಂಬಿಹೋದರೆ ಏನಾಗುವುದೆಂಬ ಪರೀಕ್ಷೆ, ಮೀಸಲು ಪ್ರತಿಯಿಂದ ಬರಿದಾದ ಯಂತ್ರವೊಂದನ್ನು ಮೊದಲಿನಿಂದ ಎಬ್ಬಿಸುವ ಪರೀಕ್ಷೆ, ಇವು ಇನ್ನೂ ಬಾಕಿ ಇದ್ದವು. ಅವನ್ನು ಮುಂದಿನ ಭಾನುವಾರಕ್ಕೆ ಬರೆದಿಟ್ಟುಕೊಂಡು, ಮೂರನ್ನೂ ಆರಿಸಿದೆ.